ಧ್ವನಿ ಬಾರದ ಡಿಸ್ಕ್

ಬಸ್ ನಿಲ್ದಾಣದ ಹಿಂದಿನ ಬೀದಿಯಲ್ಲಿ ಎಲ್ಲರೂ ಆಕೆಯನ್ನು ಸೀಡಿ ಅಕ್ಕ ಎಂದೇ ಕರೆಯುತ್ತಿದ್ದರು. ಗಂಡ ತೀರಿಕೊಂಡ ಮೇಲೆ ಅವನ ಸ್ಟುಡಿಯೋ ಮುಚ್ಚದೆ, ಕ್ಯಾಮೆರಾದಲ್ಲಿ ಹಿಡಿದ ವಿಡಿಯೋಗಳನ್ನು ಟೀವಿಯಲ್ಲಿ ನೋಡಲು ಬರುವಂತೆ ಬದಲಾಯಿಸಿ ಡಿಸ್ಕಿಗೆ ಹಾಕಿಕೊಡುವ ಕೆಲಸವನ್ನು ತಾನೇ ಕಲಿತಳು. ಅಂಗಡಿಯ ಹಿಂದೆಯೇ ಮನೆ. ನಡುವೆ ತೆಳು ಹಲಗೆ. ಅದರಾಚೆ ಮಾವ ಮಲಗಿರುತ್ತಿದ್ದರು. ಚೂರು ಸದ್ದಾದರೂ, "ಇವತ್ತು ಯಾರ ಮದುವೇನಮ್ಮಾ?" ಎಂದು ರೇಗುವರು. ಹಾಗಾಗಿ ಸ್ಪೀಕರ್ ಆಫ್ ಮಾಡಿಕೊಂಡೇ ಕೆಲಸ ಮಾಡುವುದು ಅವಳಿಗೆ ರೂಢಿಯಾಗಿತ್ತು. ಚಿತ್ರ ಓಡಿದರೆ ಡಿಸ್ಕ್ ಸರಿಯಿದೆ ಎಂದೇ ಲೆಕ್ಕ.

ಈಗ ಡಿಸ್ಕ್ ಕೇಳುವವರು ಅಪರೂಪ. ಒಂದು ದಿನ ದರ್ಜಿಯೊಬ್ಬ ಹೆಂಡತಿ, ಮಗಳನ್ನು ಕರೆದುಕೊಂಡು ಬಂದ. ಹೆಂಡತಿಯ ಕತ್ತಿನ ಸುತ್ತ ಬಟ್ಟೆಯ ಪಟ್ಟಿ. ಮಗಳು ಇನ್ನೂ ಕೂಸಾಗಿದ್ದಾಗಲೇ, ಗಂಟಲಿನ ಗಡ್ಡೆ ತೆಗೆಯುವಾಗ ಧ್ವನಿಪೆಟ್ಟಿಗೆಯನ್ನೂ ತೆಗೆದಿದ್ದರು.

"ಮಗಳು ಹುಟ್ಟಿದಾಗ ನೀವೇ ಮಾಡ್ಕೊಟ್ಟಿದ್ದು ಅಕ್ಕಾ. ಮನೇಲಿ ಪ್ಲೇಯರ್ ಇರ್ಲಿಲ್ಲ, ಹಾಗೇ ಬೀರುವಲ್ಲಿ ಇಟ್ಬಿಟ್ವಿ. ಇವಳ ಮಾತು ಉಳಿದಿರೋದು ಇದೊಂದರಲ್ಲೇ. ಮಗೂಗೆ ಅಮ್ಮನ ದನಿ ನೆನಪೇ ಇಲ್ಲ."

ಡಿಸ್ಕಿನ ಮೇಲೆ ಒಂದು ಗೀರೂ ಇರಲಿಲ್ಲ. ಅಕ್ಕ ಹಾಕಿದಳು. ಪರದೆಯ ಮೇಲೆ, ಕಿಟಕಿಯ ಬೆಳಕಿನಲ್ಲಿ, ದರ್ಜಿಯ ಹೆಂಡತಿ ತೊಡೆಯ ಮೇಲಿನ ಕೂಸಿಗೆ ಏನೋ ಹೇಳುತ್ತಿದ್ದಳು, ನಗುತ್ತಿದ್ದಳು. ಸದ್ದಿಲ್ಲ. ಅಕ್ಕ ಸ್ಪೀಕರಿನ ಸದ್ದು ಏರಿಸಿದಳು, ವಯರ್ ಬದಲಿಸಿದಳು. ಕೊನೆಗೆ ಕಂಪ್ಯೂಟರಿನಲ್ಲಿ ತೆರೆದು ನೋಡಿದಳು. ಅದರಲ್ಲಿ ಧ್ವನಿಯೇ ಇರಲಿಲ್ಲ. ಆ ಕ್ಯಾಮೆರಾ ಧ್ವನಿ ಹಿಡಿಯುವ ಬಗೆ ಅಂದಿನ ಸಾಫ್ಟ್‌ವೇರಿಗೆ ಅರ್ಥವಾಗದೆ, ಬರೀ ಚಿತ್ರವನ್ನು ಬದಲಾಯಿಸಿ ಕೊಟ್ಟಿತ್ತು.

"ಕ್ಯಾಮೆರಾ ಕಾರ್ಡ್ ಇದೆಯಾ?"

"ಕ್ಯಾಮೆರಾ ಭಾವಂದು. ಡಿಸ್ಕ್ ಬಂತಲ್ಲಾ ಅಂತ ಎಲ್ಲಾ ಅಳಿಸಿ ವಾಪಸ್ ಕೊಟ್ವಿ."

ಗಿರಾಕಿಗಳ ಮೂಲ ವಿಡಿಯೋಗಳನ್ನು ಅಕ್ಕ ಒಂದು ಹಾರ್ಡ್ ಡಿಸ್ಕಿನಲ್ಲಿ ತೆಗೆದಿಡುತ್ತಿದ್ದಳು. ಅದನ್ನು ಅಟ್ಟದಿಂದ ಇಳಿಸಿ, ಧೂಳು ಒರೆಸಿ ಜೋಡಿಸಿದಳು. ಟಿಕ್ ಟಿಕ್ ಎಂದು ನಿಂತುಹೋಯಿತು. ರಿಪೇರಿಯವನು ಕೈಚೆಲ್ಲಿದ. ಅವನ ಮಾತಿನಂತೆ ದೊಡ್ಡ ಊರಿಗೂ ಕಳಿಸಿ, ದಿನವೂ ಫೋನು ಕೈಯಲ್ಲಿ ಹಿಡಿದು ಕಾದಳು. ಕೊನೆಗೆ ಅಲ್ಲಿಂದ ಕರೆ ಬಂತು: "ಒಳಗಡೆ ತಟ್ಟೆನೇ ಕೆರೆದುಹೋಗಿದೆ ಮೇಡಂ. ಏನೂ ಸಿಗಲ್ಲ."

ಮೂವರೂ ಮತ್ತೆ ಬಂದರು. ಅಕ್ಕ ಮುಚ್ಚಿಡಲಿಲ್ಲ. "ಕೊಡೋ ಮುಂಚೆ ಒಂದ್ಸಲ ಸ್ಪೀಕರ್ ಹಾಕಿ ಕೇಳಿದ್ರೆ ಸಾಕಿತ್ತು ಕಣಪ್ಪಾ. ನಾನು ಕೇಳ್ಲಿಲ್ಲ."

ದರ್ಜಿ ಬೈಯಲಿಲ್ಲ. ಬೈದಿದ್ದರೆ ಒಳ್ಳೆಯದಿತ್ತು ಎನ್ನಿಸಿತು ಅವಳಿಗೆ.

ಡಿಸ್ಕ್ ಮತ್ತೆ ಓಡುತ್ತಿತ್ತು; ಮಗಳು ಪರದೆಗೆ ಮೂಗು ತಾಗಿಸಿ ನಿಂತಿದ್ದಳು. "ಅಮ್ಮ ನಂಗೆ ಏನ್ ಹೇಳ್ತಿದ್ದಾಳೆ ಅಪ್ಪಾ?"

ದರ್ಜಿ ಹೆಂಡತಿಯ ಕಡೆ ತಿರುಗಿದ. ಅವಳು ಪರದೆಯ ಮೇಲಿನ ತನ್ನ ತುಟಿಗಳನ್ನೇ ಬಹಳ ಹೊತ್ತು ದಿಟ್ಟಿಸಿದಳು. ಅವುಗಳ ಜೊತೆಗೇ ತುಟಿ ಅಲ್ಲಾಡಿಸಿ ನೋಡಿದಳು. ಮತ್ತೊಮ್ಮೆ ನೋಡಿದಳು. ಆಮೇಲೆ ಇಲ್ಲವೆಂದು ತಲೆಯಾಡಿಸಿದಳು. ಅವಳಿಗೂ ನೆನಪಿರಲಿಲ್ಲ.

"ಹಾಗೇ ಮೊಬೈಲಿಗೆ ಹಾಕ್ಕೊಡಿ ಅಕ್ಕಾ," ಎಂದ ದರ್ಜಿ.

ಅಕ್ಕ ಹಾಕಿಕೊಟ್ಟಳು. ಅಷ್ಟು ಬಿಟ್ಟರೆ ಅವಳ ಕೈಲಾಗುವುದು ಬೇರೇನೂ ಉಳಿದಿರಲಿಲ್ಲ.