ವತ್ಸಲಾ ಕಾಕುವಿನ ವಿಮಾನ ಪ್ರಯಾಣ

ನನ್ನ ಕಾಕು ವತ್ಸಲಾಬಾಯಿ ಅಣ್ಣಿಗೇರಿಯ ಹೆಣ್ಣುಮಕ್ಕಳ ಶಾಲೆಯಲ್ಲಿ ಕಲಿಸುತ್ತಿದ್ದಳು. ಅವಳ ಗಂಡ, ಅಂದರೆ ನನ್ನ ಚಿಕ್ಕಪ್ಪ, ಬೇಗ ತೀರಿಕೊಂಡ ಮೇಲೆ ಧಾರವಾಡಕ್ಕೆ ಹೋಗಿ ಟ್ರೇನಿಂಗ್ ಮುಗಿಸಿ ಬಂದವಳು. ತಾಯಿಯಿಲ್ಲದ ನನ್ನನ್ನು ಸಾಕಿದವಳೂ ಅವಳೇ. ದನಿ ಬಲು ದೊಡ್ಡದು. ಅವಳು ಮಗ್ಗಿ ಹೇಳಿಸಿದರೆ ಪಕ್ಕದ ಓಣಿಯ ಮಕ್ಕಳಿಗೂ ಬಾಯಿಪಾಠವಾಗುತ್ತಿತ್ತು. ನಾನು ವಿಮಾನ ಹಾರಿಸಲು ಕಲಿಯುತ್ತೇನೆಂದಾಗ ಮನೆಯ ಹಿರಿಯರೆಲ್ಲ ಬೇಡವೆಂದರು. ಕಾಕು ಮಾತ್ರ, "ಕಲೀಲಿ ಬಿಡ್ರಿ, ಅಂವಗ ಮನಸ್ಸದ," ಎಂದಳು.

ಎಪ್ಪತ್ತಾರನೆಯ ಇಸವಿಯ ಮಳೆಗಾಲ ಮುಗಿಯುತ್ತ ಬಂದಿತ್ತು. ಖಾಸಗಿ ಮಾಲಿಕರೊಬ್ಬರ ನಾಲ್ಕು ಸೀಟಿನ ಪುಟ್ಟ ವಿಮಾನವನ್ನು ನಾನು ಬೆಳಗಾವಿಯಿಂದ ಹುಬ್ಬಳ್ಳಿಗೆ ತರಬೇಕಿತ್ತು. ಕಾಕು ಆಗ ಬೆಳಗಾವಿಯಲ್ಲಿ ತಂಗಿಯ ಮನೆಗೆ ಬಂದಿದ್ದಳು. "ಬಸ್ಸಿನಾಗ ನನಗ ಹೊಟ್ಟಿ ತೊಳಸ್ತದ. ನಿನ್ನ ಜೋಡಿನ ಬರ್ತೀನಿ," ಎಂದು ಮಾಲಿಕರನ್ನು ತಾನೇ ಕೇಳಿ ಒಪ್ಪಿಸಿ, ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ನನ್ನ ಬಲಕ್ಕೆ ಕೂತಳು.

ಕಿತ್ತೂರಿನ ಕಡೆ ಮೋಡ ಕವಿದಿದ್ದರಿಂದ ದಕ್ಷಿಣಕ್ಕೆ ಸರಿದು ರೈಲುಹಳಿಯ ಮೇಲೆಯೇ ಹೊರಟೆ. ಅಳ್ನಾವರದ ಕಾಡು ಕಾಣಿಸುವಾಗ ಕಾಕು ಮೂಗು ಅರಳಿಸಿದಳು.

"ಏಕನಾಥ, ಏನೋ ಸುಟ್ಟ ವಾಸನಿ ಬರ್ಲಿಕ್ಕತ್ತದ."

ನನಗೂ ಬಂತು. ತಂತಿಯ ಹೊದಿಕೆ ಬೇಯುವ ವಾಸನೆ. ಎದುರಿನ ಫಲಕದ ಸಂದಿಯಿಂದ ತೆಳ್ಳಗೆ ಹೊಗೆ ಏಳುತ್ತಿತ್ತು. ಎಲ್ಲ ವಿದ್ಯುತ್ತನ್ನೂ ಒಮ್ಮೆಗೇ ಕಡಿಯುವ ಮುಖ್ಯ ಸ್ವಿಚ್ಚನ್ನು ಆರಿಸಿ, ಕಿಟಕಿ ತೆರೆದೆ. ರೇಡಿಯೋದ ಗರಗರ ನಿಂತಿತು. ಹೊಗೆ ನಿಧಾನಕ್ಕೆ ಕರಗಿತು.

"ಇಂಜಿನ್ನೂ ನಿಲ್ತದೇನೋ?"

"ಇಲ್ಲ ಕಾಕು. ಅದು ತನ್ನ ಕಿಡಿ ತಾನ ಹುಟ್ಟಿಸ್ಕೋತದ."

ಅಷ್ಟರಲ್ಲಿ ಕಾಕು ಫಲಕದತ್ತ ಬೆರಳು ಮಾಡಿ ಚೀರಿದಳು. "ಲೇ, ಪೆಟ್ರೋಲ್ ತೀರೇದಲ್ಲೋ! ಮುಳ್ಳು ಅಗದಿ ಸೊನ್ನಿಗೆ ಬಂದದ!"

"ಆ ಮುಳ್ಳಿಗೂ ಕರೆಂಟ್ ಬೇಕು, ಅದಕ್ಕ ಬಿದ್ದದ. ಮುಂಜಾನೆ ಟಾಕಿಯೊಳಗ ಕಡ್ಡಿ ಇಳಿಸಿ ನೋಡೀನಿ. ಭರ್ತಿ ಅದ."

"ಖರೇನ ನೋಡಿಯೇನು?"

"ಖರೇನ ಕಾಕು."

"ಹಂಗಾರ ನಡಿ."

ಸ್ವಿಚ್ಚನ್ನು ಮತ್ತೊಮ್ಮೆ ಹಾಕಿ ನೋಡಲು ಕೈ ತುರಿಸುತ್ತಿತ್ತು. ಆದರೆ ಒಳಗೆ ಯಾವ ತಂತಿ ಸುಟ್ಟಿದೆಯೋ, ಹಾಕಿದರೆ ಬೆಂಕಿಯೇ ಹತ್ತಬಹುದು. ಕೈಯನ್ನು ತೊಡೆಯ ಮೇಲಿಟ್ಟುಕೊಂಡೆ. ಹಿಂದೆ ಮೋಡ ಮುಚ್ಚಿಕೊಳ್ಳುತ್ತಿತ್ತು, ಮುಂದೆ ಆಕಾಶ ತಿಳಿಯಾಗಿತ್ತು. ಹುಬ್ಬಳ್ಳಿಗೇ ಹೋಗುವುದೆಂದು ನಿಶ್ಚಯಿಸಿದೆ. ರೇಡಿಯೋ ಇಲ್ಲದ್ದರಿಂದ ನಾವು ಬರುವುದು ಅಲ್ಲಿ ಯಾರಿಗೂ ಗೊತ್ತಿರುವುದಿಲ್ಲ, ಅದೇ ಚಿಂತೆ.

"ಕಾಕು, ನೀ ಬಲಗಡೆ ನೋಡ್ತಿರು. ಏನರ ಹಾರೂದು ಕಂಡ್ರ ಹೇಳು."

ಅವಳು ಕಿಟಕಿಗೆ ಹಣೆ ಹಚ್ಚಿದಳು. ಧಾರವಾಡ ದಾಟುವವರೆಗೂ "ಹದ್ದು... ಇನ್ನೊಂದು ಹದ್ದು..." ಎಂದು ವರದಿ ಒಪ್ಪಿಸುತ್ತಲೇ ಇದ್ದಳು. ನಡುವೆ ಒಂದು ಗಾಳಿಪಟವೂ ಬಂತು.

ಹುಬ್ಬಳ್ಳಿಯ ವಿಮಾನನಿಲ್ದಾಣದ ಮೇಲೆ ಸುತ್ತು ಹಾಕಿ, ಕೆಳಗಿನವರಿಗೆ ತಿಳಿಯಲೆಂದು ರೆಕ್ಕೆ ಅಲ್ಲಾಡಿಸಿ, ಇಳಿಯಲು ತಿರುಗಿದೆ. ಆಗ ಕಾಕುವಿನ ಶಾಲೆಯ ದನಿ ಕಿವಿಗೆ ಬಡಿಯಿತು.

"ವಿಮಾನ! ಬಲಕ್ಕ, ಕೆಳಗ, ಹಳದೀದು!"

ನವಲಗುಂದದ ಹತ್ತಿಹೊಲಗಳಿಗೆ ಔಷಧ ಸಿಂಪಡಿಸಿ ಮರಳುತ್ತಿದ್ದ ವಿಮಾನ ನಮ್ಮ ದಾರಿಗೇ ಬರುತ್ತಿತ್ತು. ನನ್ನ ಕಡೆಯಿಂದ ಅದು ಕಾಣುತ್ತಲೇ ಇರಲಿಲ್ಲ. ಎಡಕ್ಕೆ ಹೊರಳಿ ಮೇಲೇರಿದೆ. ಅದು ಇಳಿದ ಮೇಲೆ ಇನ್ನೊಂದು ಸುತ್ತು ಬಂದಾಗ ಶೆಡ್ಡಿನ ಬಳಿಯಿಂದ ಯಾರೋ ಇಳಿಯಬಹುದೆಂದು ಹಸಿರು ದೀಪ ತೋರಿಸಿದರು. ವೇಗ ತಗ್ಗಿಸುವ ರೆಕ್ಕೆಯ ಪಟ್ಟಿಗಳೂ ವಿದ್ಯುತ್ತಿನವೇ ಆದ್ದರಿಂದ ದೂರದಿಂದಲೇ ತಗ್ಗುತ್ತ ಬಂದೆ. ಚಕ್ರ ನೆಲ ಮುಟ್ಟಿ, ಓಡಿ ಓಡಿ, ಓಡುದಾರಿಯ ಕೊನೆ ಹತ್ತಿರ ಬಂದಾಗ ವಿಮಾನ ನಿಂತಿತು.

ಕಾಕು ಇಳಿದು ರೆಕ್ಕೆಯ ಆಸರೆ ಹಿಡಿದು ನಿಂತಳು.

"ಇಲ್ಲಿ ಚಹಾ ಸಿಗ್ತದೇನು?" ಎಂದಳು.

ಲೋಹದ ಅಂಚಿಗೆ ಉಜ್ಜಿ ಬೆತ್ತಲಾದ ತಂತಿಯೊಂದನ್ನು ಮೆಕ್ಯಾನಿಕ್ ಅಂದೇ ಕಂಡುಹಿಡಿದ. ಕಾಕು ಗದಗಿನ ರೈಲು ಹತ್ತಿ ಅಣ್ಣಿಗೇರಿಗೆ ಹೋದಳು.

ಮುಂದಿನ ರವಿವಾರ ನಾನು ಊರಿಗೆ ಹೋದರೆ ಪಕ್ಕದ ಮನೆಯ ನಸೀಮಾಬಿ ಬಾಗಿಲಲ್ಲೇ ತಡೆದಳು. "ನಮ್ಮ ವತ್ಸಲಾಬಾಯಾರು ಆ ಹಳದಿ ವಿಮಾನ ನೋಡ್ಲಿಲ್ಲಂದ್ರ ಏನ್ ಗತಿ ಆಗ್ತಿತ್ರೀ!"

"ಸಾಕು ಬಿಡ ನಸೀಮಾ," ಎಂದು ಕಾಕು ಒಳಗಿನಿಂದ ಗದರಿದಳು. ಒಳಗೆ ಹೋಗಿ ನೋಡಿದರೆ ಮುಖ ಮಾತ್ರ ಅರಳಿತ್ತು. ಊಟಕ್ಕೆ ಬಡಿಸುತ್ತ ದನಿ ತಗ್ಗಿಸಿ ಕೇಳಿದಳು:

"ಅವತ್ತ ನಿನಗ ಅಂಜಿಕಿ ಬಂದಿತ್ತೇನೋ?"

"ಬಂದಿತ್ತು ಕಾಕು."

"ನನಗೂ," ಎಂದು ಇನ್ನೊಂದು ರೊಟ್ಟಿ ಹಾಕಿದಳು.