ತಪ್ಪಲೆಗಿವಿಯ ಮೇಕೆ

ನಾನು ಸೇಲಂನ ಒಂದು ಕಾಲೇಜಿನಲ್ಲಿ ಭಾಷಾಶಾಸ್ತ್ರದ ಮೇಷ್ಟ್ರು. ನಮ್ಮ ಕಡೆಯ ಕನ್ನಡದಲ್ಲಿ ಬಗೆಬಗೆಯ ಮೇಕೆಗಳನ್ನು ಹೆಸರಿಸುವ ಮಾತುಗಳ ಬಗ್ಗೆ ಒಂದು ಸಂಶೋಧನಾ ಲೇಖನ ಬರೆದೆ. ಆ ಮಾತುಗಳನ್ನೆಲ್ಲ ಕೊಟ್ಟವಳು ನಮ್ಮೂರು ನಂಗವಳ್ಳಿಯಲ್ಲಿ ಮೇಕೆ ಸಾಕುವ ನನ್ನ ದೊಡ್ಡಮ್ಮ. ಲೇಖನದಲ್ಲಿ ಮಾತ್ರ ‘ಲೇಖಕರು ಸ್ವತಃ ಸಂಗ್ರಹಿಸಿದ್ದು’ ಎಂದು ಗಂಭೀರವಾಗಿ ಬರೆದುಕೊಂಡಿದ್ದೆ.

ಪತ್ರಿಕೆಯವರು ಒಪ್ಪಿಕೊಂಡರು. ಕಿವಿ ದುಂಡಗಿರುವ ಮೇಕೆಗೆ ‘ತಪ್ಪಲೆಗಿವಿ’ ಎನ್ನುತ್ತಾರೆಂದೂ ಅದು ಬಹಳ ಹಳೆಯ ಪದವೆಂದೂ ನಾನು ಒಂದೂವರೆ ಪುಟ ವಾದಿಸಿದ್ದೆ. ಅದನ್ನು ಅವರು ವಿಶೇಷವಾಗಿ ಮೆಚ್ಚಿದ್ದರು. ಹಿಗ್ಗಿನಲ್ಲಿ ಊರಿಗೆ ಹೋಗಿ ದೊಡ್ಡಮ್ಮನಿಗೆ ಓದಿ ಹೇಳಿದೆ.

“ಲೇಖಕರು ಅಂದ್ರೆ ಯಾರ್ಲಾ?” ಎಂದಳು.

“ನಾನೇ, ದೊಡ್ಡಮ್ಮ.”

“ನೀನಾ? ಓತ ಕಂಡು ತಿಣ್ಣೆ ಮ್ಯಾಲೆ ಅತ್ತಿ ಕುಂತಿದ್ದೆ.”

ಹೋತಕ್ಕೆ ಹೆದರಿ ನಾನು ಜಗಲಿ ಬಿಟ್ಟು ಇಳಿದಿರಲಿಲ್ಲ, ಅದು ನಿಜ. ಮುಂದೆ ಓದಿದೆ. ತಪ್ಪಲೆಗಿವಿ ಬಂದಾಗ ಅವಳು ನಕ್ಕೂ ನಕ್ಕೂ ಸೆರಗಿನಿಂದ ಕಣ್ಣೊರೆಸಿಕೊಂಡಳು.

“ಅಂಗಂತ ಮಾತೇ ಇಲ್ಲ ಕಣ್ಲಾ. ಇನ್ನೊಂದು ಮಾತೇಳು, ಇನ್ನೊಂದು ಮಾತೇಳು ಅಂತ ತೊಂದ್ರೆ ಮಾಡ್ತಿದ್ದೆ. ಒಲೆ ಮ್ಯಾಲೆ ತಪ್ಲೆ ಇತ್ತು. ಅದ್ನ ನೋಡ್ಕಂಡು ಏಳ್ಬುಟ್ಟೆ.”

ಬಸ್ಸಿನಲ್ಲಿ ವಾಪಸು ಬರುವಾಗ ಲೇಖನವನ್ನು ಮತ್ತೆ ತೆಗೆದು ನೋಡಿದೆ. ಮಾತುಗಳೂ ನನ್ನವಲ್ಲ, ಮೂರ್ಖತನ ಒಂದೇ ನನ್ನದು. ಸಂಪಾದಕರಿಗೆ ನಡೆದದ್ದನ್ನೆಲ್ಲ ಬರೆದು ತಿಳಿಸಿದೆ. ಆ ಪದವನ್ನು ತೆಗೆಯಿರಿ, ನಿಮ್ಮ ದೊಡ್ಡಮ್ಮ ಒಪ್ಪಿದರೆ ಅವರನ್ನೂ ಲೇಖಕರಾಗಿ ಸೇರಿಸಿ ಎಂದು ಉತ್ತರ ಬಂತು.

ದೊಡ್ಡಮ್ಮನಿಗೆ ಫೋನ್ ಮಾಡಿದೆ. “ನಿನ್ನ ಹೆಸರೂ ಹಾಕ್ತೀವಿ. ಮೊದಲು ಯಾರದಿರಲಿ?”

“ಮೇಕೆ ಯಾರ್ದು?”

“ನಿಂದು.”

“ಇನ್ನೇನು ಕೇಳೋದು?”

ನಮೂನೆಯಲ್ಲಿ ಲೇಖಕರ ಸಂಸ್ಥೆ ಯಾವುದೆಂದು ತುಂಬಬೇಕಿತ್ತು. ಅದನ್ನೂ ಕೇಳಿದೆ. “ಮೇಕೆ ಕೊಟ್ಗೆ ಅಂತ ಬರಿ,” ಎಂದಳು. ಬರೆದೆ. ಅವರು ಹಾಗೆಯೇ ಅಚ್ಚುಮಾಡಿದರು. ಅವಳ ಹೆಸರು ಮೇಲೆ, ಅದರ ಕೆಳಗೆ ‘ಮೇಕೆ ಕೊಟ್ಟಿಗೆ, ನಂಗವಳ್ಳಿ’. ಆಮೇಲೆ ನನ್ನದು.

ತಿಂಗಳೊಳಗೆ ದೂರದ ಯಾವುದೋ ವಿದ್ವಾಂಸರಿಂದ ಇಮೇಲ್ ಬಂತು. ‘ಮಾನ್ಯ ಪ್ರಾಧ್ಯಾಪಕಿಯವರೇ’ ಎಂದು ದೊಡ್ಡಮ್ಮನನ್ನು ಕರೆದು, ನಿಮ್ಮ ಮುಂದಿನ ಸಂಶೋಧನೆ ಏನು ಎಂದು ಕೇಳಿದ್ದರು. ಏನು ಉತ್ತರ ಬರೆಯಲಿ ಎಂದೆ.

ಅವಳು ಸ್ವಲ್ಪ ಯೋಚಿಸಿ ಹೇಳಿದಳು: “ಎಮ್ಮೆ ಅಂತ ಬರಿ. ಅದು ದೊಡ್ಡದು, ನೀನು ದೂರ ನಿಂತ್ಕೊಂಡೇ ಬರ್ಕೋಬೋದು.”