ಕರೀಮಾನ್ ಅಕ್ಕನ ಬಾಯಿಗೆ ಬೀಗ, ಬೆರಳಿಗೆ ಬಿಡುವಿಲ್ಲ

ಅಲೆಕ್ಸಾಂಡ್ರಿಯಾದ ಕಡಲ ಮೇಲೆ ಇನ್ನೂ ಸರಿಯಾಗಿ ಬೆಳಕು ಹರಿದಿಲ್ಲ. ದಂಡೆಯ ಹಳೇ ಕ್ಲಬ್ಬಿನ ಇಸ್ಪೀಟು ಹಾಲಿನಲ್ಲಿ ಕರೀಮಾನ್ ಮಂಡಿಯೂರಿ ಕೂತು, ಇಂಟರ್ನೆಟ್ ತಂತಿಯನ್ನು ನೆಲಕ್ಕೆ ಟೇಪು ಹಚ್ಚಿ ಅಂಟಿಸುತ್ತಿದ್ದಾರೆ. ಗೋಡೆಯ ಪ್ಲಗ್ಗಿನ ಮೇಲೆ ಅವರೇ ಬರೆದ ಚೀಟಿ: ‘ಇದನ್ನು ಕಿತ್ತವರ ಕೈ ಸೇದಿಹೋಗಲಿ’. ಚೀಟಿ ಯಾರಿಗೆಂದು ಇಡೀ ಕ್ಲಬ್ಬಿಗೆ ಗೊತ್ತು. ಹಿಂದೊಮ್ಮೆ ಸೆಮಿಫೈನಲ್ ನಡುವೆ ಚಹಾದ ಇದ್ರೀಸ್ ಮಾಮ ಕೆಟಲಿಗೆ ಜಾಗ ಬೇಕೆಂದು ತಂತಿ ಕಿತ್ತುಹಾಕಿದ್ದರು.

“ಎದುರಿಗೆ ಕೂತು ಆಡೋರ ಚಹಾ ಮುಖ್ಯವೋ, ಎಲ್ಲೋ ಕೂತು ನೋಡೋರು ಮುಖ್ಯವೋ, ನೀನೇ ಹೇಳು ತಾಯಿ,” ಎಂದು ಮಾಮ ಇವತ್ತಿಗೂ ವಾದ ಹೂಡುತ್ತಾರೆ.

“ಆ ಎಲ್ಲೋ ಕೂತೋರು ಮೂರು ಸಾವಿರ ಜನ ಮಾಮ! ಅಷ್ಟೂ ಜನ ಬೈದದ್ದು ನಿನ್ನನ್ನಲ್ಲ, ನನ್ನನ್ನ.” ಬೈಗುಳ ನೆನೆದು ಕರೀಮಾನ್ ಹೊಟ್ಟೆ ಹಿಡಿದು ನಗುತ್ತಾರೆ.

ಬ್ರಿಜ್ ಎಂಬ ಇಸ್ಪೀಟಾಟದ ದೊಡ್ಡ ಪಂದ್ಯಗಳನ್ನು ಈಗ ಲೋಕವೆಲ್ಲ ಪರದೆಯ ಮೇಲೆ ನೋಡುತ್ತದೆ. ಯಾವ ಎಲೆ ಬಿತ್ತು, ಯಾರು ಎಷ್ಟಕ್ಕೆ ಬಿಡ್ ಇಟ್ಟರು ಎಂಬುದು ಆ ಕ್ಷಣವೇ ಕಾಸಾಬ್ಲಾಂಕಾದ ಕಾಫಿ ಅಂಗಡಿಗೂ ಬೈರೂತಿನ ಮಲಗುವ ಕೋಣೆಗೂ ತಲುಪುತ್ತದೆ. ಇದೆಲ್ಲ ಕ್ಯಾಮೆರಾದ ಕರಾಮತ್ತು ಎಂದುಕೊಂಡವರೇ ಹೆಚ್ಚು. ಅಲ್ಲ. ಮೇಜಿನ ಮೂಲೆಯಲ್ಲಿ ಒಬ್ಬರು ಕೂತು, ಬಿದ್ದ ಒಂದೊಂದು ಎಲೆಯನ್ನೂ ಕಂಪ್ಯೂಟರಿಗೆ ಒತ್ತಿ ಕಳಿಸಬೇಕು. ಒಂದು ದಿನಕ್ಕೆ ಸಾವಿರದ ಮೇಲೆ ಎಲೆ. ಈ ಕ್ಲಬ್ಬಿನಲ್ಲಿ ಆ ಮೂಲೆ ಕುರ್ಚಿ ಕರೀಮಾನ್ ಅವರದು.

ಮೊದಲು ಅವರು ಕೋರ್ಟಿನಲ್ಲಿ ಟೈಪಿಸ್ಟ್ ಆಗಿದ್ದರು. “ಅಲ್ಲಿ ಸಾಕ್ಷಿಗಳು ಒಬ್ಬೊಬ್ಬರಾಗಿ ಬಾಯಿಬಿಡೋರು. ಇಲ್ಲಿ ನಾಲ್ಕು ಜನ, ಒಬ್ಬರೂ ಬಾಯಿಬಿಡಲ್ಲ,” ಎನ್ನುತ್ತಾರೆ. ಜೋಡಿಯಾಗಿ ಆಡುವವರು ಸಂಜ್ಞೆ ಮಾಡಿ ಮೋಸ ಮಾಡಬಾರದೆಂದು ಮೇಜಿಗೆ ಅಡ್ಡಲಾಗಿ ಮರದ ತಡಿಕೆ ನಿಲ್ಲಿಸಿರುತ್ತಾರೆ. ಹೀಗಾಗಿ ಕರೀಮಾನ್‌ಗೆ ಚೆನ್ನಾಗಿ ಕಾಣುವುದು ಇಬ್ಬರೇ. ಉಳಿದಿಬ್ಬರ ಎಲೆಯನ್ನು ತಡಿಕೆಯ ಕಿಂಡಿಯಲ್ಲಿ ಕತ್ತು ಕೊಂಕಿಸಿ ಹಿಡಿಯಬೇಕು. ಕೆಲವರಂತೂ ಎಲೆಯನ್ನು ಹೀಗೆ ತೋರಿಸಿ ಹಾಗೆ ಮಗುಚುತ್ತಾರೆ. ಇನ್ನು ಕೆಲವರು ಆಟದ ಮಧ್ಯದಲ್ಲೇ ‘ಉಳಿದದ್ದೆಲ್ಲ ನಂದೇ’ ಎಂದು ಎಲೆ ಬಿಡಿಸಿ, ಕಣ್ಣು ಮಿಟುಕಿಸುವಷ್ಟರಲ್ಲಿ ಬಾಚಿಕೊಂಡುಬಿಡುತ್ತಾರೆ. ಕೇಳೋಣವೆಂದರೆ ಆ ಕುರ್ಚಿಯಲ್ಲಿ ಕೂತವರು ತುಟಿ ಪಿಟ್ಟೆನ್ನುವಂತಿಲ್ಲ, ಹುಬ್ಬು ಏರಿಸುವಂತಿಲ್ಲ. ಮಾತಿಲ್ಲದೆ ಒಂದು ಗಳಿಗೆ ಇರಲಾರದ ಈ ಹೆಂಗಸನ್ನು ದೇವರು ಹುಡುಕಿ ಹುಡುಕಿ ಅಲ್ಲಿಗೇ ಕೂರಿಸಿದ್ದಾನೆ.

ಕಳೆದ ವರ್ಷದ ಫೈನಲ್ಲಿನಲ್ಲಿ ಆ ಕುರ್ಚಿ ಕೈತಪ್ಪುವುದರಲ್ಲಿತ್ತು. ಎದುರಾಳಿ ಕೈರೋ ತಂಡ. ಅಲೆಕ್ಸಾಂಡ್ರಿಯಾ ತಂಡದ ನಾಯಕ ವಗೀಹ್, ಕರೀಮಾನ್ ಅವರ ಸ್ವಂತ ಅಣ್ಣ. “ತಂಗಿಯನ್ನ ಅಣ್ಣನ ಮಗ್ಗುಲಿಗೆ ಕೂರಿಸ್ತೀರಾ? ನ್ಯಾಯವೇ ಇದು?” ಎಂದು ಕೈರೋದ ಹಲ್ಲಿನ ಡಾಕ್ಟರು ಶಿಹಾಬ್ ತಕರಾರು ತೆಗೆದರು. ತೀರ್ಪುಗಾರರು ಕರೀಮಾನ್‌ರನ್ನು ಪಕ್ಕಕ್ಕೆ ಕರೆದು, “ಒಂದೇ ಒಂದು ದೂರು ಬರಲಿ, ಮತ್ತೆ ಆ ಕುರ್ಚಿ ನಿಮಗಿಲ್ಲ,” ಎಂದರು.

ಬರಬಾರದ್ದು ಬಂದೇ ಬಂತು. ಒಂದು ಆಟದಲ್ಲಿ ವಗೀಹ್ ಕೆಂಪು ಹೃದಯದ ಆಟೀನು ಎಲೆ ಇಳಿಸಿದರು. ಡಾಕ್ಟರು ಅದನ್ನು ತುರುಪಿನಿಂದ ಹೊಡೆದರು. ಕರೀಮಾನ್ ಆ ತುರುಪನ್ನು ಒತ್ತಿದರೆ ಕಂಪ್ಯೂಟರು ಒಲ್ಲೆನೆಂದಿತು. ಮತ್ತೊಮ್ಮೆ ಒತ್ತಿದರು, ಊಹೂಂ. ಹಂಚಿದ ಎಲೆಗಳೆಲ್ಲ ಅದಕ್ಕೆ ಮೊದಲೇ ಗೊತ್ತಿರುತ್ತವೆ. ಡಾಕ್ಟರ ಕೈಯಲ್ಲಿ ಒಂದು ಆಟೀನು ಇತ್ತು. ಕೆಂಪು ಡೈಮನ್‌ಗಳ ನಡುವೆ ಕೆಂಪಾಗಿಯೇ ಅವಿತಿದ್ದ ಅದು ಅವರ ಕಣ್ಣಿಗೆ ಬಿದ್ದಿರಲಿಲ್ಲ. ಆಟೀನು ಇರುವಾಗ ತುರುಪು ಹಾಕುವುದು ತಪ್ಪು. ಆಗಲೇ ಹಿಡಿದಿದ್ದರೆ ದಂಡ ಬಿದ್ದು ಪಂದ್ಯ ವಗೀಹ್ ಕೈಗೆ ಬರುತ್ತಿತ್ತು. ವಗೀಹ್ ಮಾತ್ರ ಚಾವಣಿ ನೋಡುತ್ತ ಮುಂದಿನ ಎಲೆ ಯೋಚಿಸುತ್ತಿದ್ದರು.

“ಕೋರ್ಟಲ್ಲಿ ಎಂಥಾ ಸುಳ್ಳು ಹೇಳಿದ್ರೂ ನನ್ನ ಮೆಷೀನು ತೆಪ್ಪಗೆ ಅಚ್ಚು ಹಾಕೋದು. ಇದೊಂದು ಸತ್ಯ ಹರಿಶ್ಚಂದ್ರನ ಮನೆಯದು, ಏನ್ಮಾಡ್ಲಿ?” ಎನ್ನುತ್ತಾರೆ ಕರೀಮಾನ್. ಪರದೆಯಲ್ಲಿ ನೋಡುವವರಿಗೆ ವಿಷಯ ಬರೆದು ಕಳಿಸುವಂತೆಯೂ ಇರಲಿಲ್ಲ. ಹಾಲಿನ ಹೊರಗಿನ ಜಗಲಿಯಲ್ಲಿ ಅರ್ಧ ಕ್ಲಬ್ಬೇ ಫೋನು ಹಿಡಿದು ಕೂತಿತ್ತು. ಓದಿದ ಮರುಕ್ಷಣವೇ ಅವರು ಹಾಕುವ ಬೊಬ್ಬೆ ಕಿಟಕಿ ಮುಚ್ಚಿದರೂ ಮೇಜಿಗೆ ಕೇಳುತ್ತಿತ್ತು. ಪರದೆ ನಿಂತಲ್ಲೇ ನಿಂತಿತು. ‘ಎದ್ದೇಳಮ್ಮಾ ಬೆಳಗಾಯ್ತು’, ‘ಆ ಮುದುಕಿಯ ನಾಡಿ ನೋಡಿ ಯಾರಾದರೂ’ ಎಂದು ಸಂದೇಶಗಳ ಮಳೆ ಸುರಿಯಿತು. ಆ ಆಟದ ಫಲಿತಾಂಶವನ್ನಷ್ಟೇ ಒತ್ತಿ ಕರೀಮಾನ್ ಮುಂದಕ್ಕೆ ಹೋದರು. ಅಲೆಕ್ಸಾಂಡ್ರಿಯಾ ಕೂದಲೆಳೆಯಲ್ಲಿ ಸೋತಿತು.

ಅಂಕಪಟ್ಟಿಗೆ ಸಹಿ ಬಿದ್ದು, ತಕರಾರು ಹೇಳುವ ಹೊತ್ತು ಕಳೆದ ಮೇಲೆ ಎರಡೂ ತಂಡದವರು ಒಟ್ಟಿಗೆ ಮೀನೂಟಕ್ಕೆ ಕೂತರು. ಸೋತ ವಗೀಹ್‌ಗೆ ಸಿಟ್ಟು ತೀರಿಸಿಕೊಳ್ಳಲು ಸಿಕ್ಕಿದ್ದು ತಂಗಿಯೇ.

“ಲೋಕದೆದುರು ನನ್ನ ಮಾನ ಕಳೆದೆಯಲ್ಲೇ! ಅಷ್ಟು ಹೊತ್ತು ನಿದ್ದೆ ಹೊಡೀತಿದ್ಯಾ?”

“ನಿದ್ದೆ ಹೊಡೆದೋಳು ನಾನಲ್ಲ ಅಣ್ಣಾ, ನೀನು. ಡಾಕ್ಟರ ಹತ್ರ ಆಟೀನಿತ್ತು.”

ವಗೀಹ್ ಕೈಯ ತುತ್ತು ಬಾಯಿಗೆ ಹೋಗಲಿಲ್ಲ. ಡಾಕ್ಟರ ಮುಖ ಇಂಗು ತಿಂದ ಮಂಗನಂತಾಯಿತು. “ಅಯ್ಯೋ ಪಾಪಿ, ಒಂದು ಸಲ ಕೆಮ್ಮೋಕಾದ್ರೂ ಆಗಲಿಲ್ವೇ ನಿಂಗೆ?” ಎಂದು ಅಣ್ಣ ಅರಚಿದರು.

“ಕೆಮ್ಮು ಬಂದಿತ್ತು. ನುಂಗ್ಕೊಂಡೆ.”

ಮೇಜು ಮೇಜೇ ನಗೆಯಲ್ಲಿ ಮುಳುಗಿತು. ವಗೀಹ್ ಒಂದಿಷ್ಟು ದಿನ ತಂಗಿಯ ಮನೆ ಕಡೆ ತಲೆ ಹಾಕಲಿಲ್ಲ. ಆಮೇಲೆ ಬಸಬೂಸ ಎಂಬ ರವೆ ಸಿಹಿಯ ಡಬ್ಬಿ ಹಿಡಿದು ತಾವಾಗಿಯೇ ಬಂದರು. “ಅಣ್ಣ ಸೋತಿದ್ದಕ್ಕೆ ಆ ರಾತ್ರಿ ಅತ್ತಿದ್ದೆ. ನಿಜ ಹೇಳ್ತೀನಿ, ಬಾಯಿ ಬಿಡದೇ ಇದ್ದಿದ್ದಕ್ಕೆ ಒಂದು ಹನೀನೂ ಅಳಲಿಲ್ಲ,” ಎನ್ನುತ್ತಾರೆ ಕರೀಮಾನ್.

ಇವತ್ತು ಮತ್ತೆ ಫೈನಲ್, ಮತ್ತೆ ಅದೇ ಎರಡು ತಂಡ. ಬಿಸಿಲು ಹಾಲಿನೊಳಗೆ ಬರುವ ಹೊತ್ತಿಗೆ ಆಟಗಾರರೂ ಬರುತ್ತಾರೆ. ಡಾಕ್ಟರು ಶಿಹಾಬ್ ನೇರವಾಗಿ ತೀರ್ಪುಗಾರರ ಬಳಿಗೆ ಹೋಗಿ, “ನಮ್ಮ ಮೇಜಿಗೆ ಕರೀಮಾನ್ ಅಕ್ಕನೇ ಬೇಕು. ಬೇರೆಯವರಾದ್ರೆ ನಾ ಒಪ್ಪಲ್ಲ,” ಎನ್ನುತ್ತಾರೆ. ಹಿಂದೆಯೇ ವಗೀಹ್ ಧಾವಿಸುತ್ತಾರೆ.

“ಬೇಡ ಸ್ವಾಮೀ! ಒಡಹುಟ್ಟಿದೋಳು. ನಿಯಮ ಅನ್ನೋದು ಒಂದಿದೆಯಲ್ವಾ?”

ತೀರ್ಪುಗಾರರು ನಗು ತಡೆಯಲಾರದೆ ಮೂಲೆ ಕುರ್ಚಿಯತ್ತ ಕೈ ತೋರಿಸುತ್ತಾರೆ. ಕರೀಮಾನ್ ಕೂತು, ಕನ್ನಡಕ ಒರೆಸಿ ಹಾಕಿಕೊಳ್ಳುತ್ತಾರೆ. ಎಲೆ ಹಂಚುವ ಮುಂಚೆ ಮಾತಾಡಲು ಇನ್ನೊಂದು ನಿಮಿಷವಿದೆ. ಅದನ್ನು ಹಾಳುಮಾಡುವವರಲ್ಲ ಅವರು.

“ಹೋದ ವರ್ಷ ಅವರಿಗೆ ಬೇಡವಾಗಿದ್ದೆ, ಈ ವರ್ಷ ನಮ್ಮೋರಿಗೇ ಬೇಡವಾದೆ. ಇನ್ನೇನು ಬೇಕು ಹೇಳಿ, ನನ್ನ ಕೆಲಸಕ್ಕೆ ಇದಕ್ಕಿಂತ ದೊಡ್ಡ ಸರ್ಟಿಫಿಕೇಟು?”